ಗಾಡಿಯ ಜಾಡು ಯಾರ ಕೈಯಲ್ಲಿ?

(ಚಳ್ಳಕೆರೆಯಲ್ಲಿ ಗಿರಣಿ ಕೆಲಸಗಾರರು, ವಾಹನ ಚಾಲಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಮೂರು ಬಗೆಯ ಜನ ಕುಳಿತಿದ್ದೀರಿ. ಎಣ್ಣೆ ಗಿರಣಿಗಳಲ್ಲಿ ದುಡಿಯುವವರು; ಲಾರಿ, ಬಸ್ಸು, ಗೂಡ್ಸ್ ಗಾಡಿ ಓಡಿಸುವವರು; ಮೊಳಕಾಲ್ಮುರಿನ ರೇಷ್ಮೆ ಸೀರೆ, ಚಳ್ಳಕೆರೆಯ ಶೇಂಗಾ, ಹಿಂಡಿ, ಕಂಬಳಿ ಹೇರಿಕೊಂಡು ಊರೂರಿಗೆ ಹೋಗುವ ಸಣ್ಣ ವ್ಯಾಪಾರಿಗಳು. ನೀವೆಲ್ಲ ಕೇಳುತ್ತಿರುವ ಪ್ರಶ್ನೆ ಒಂದೇ. ಈ ಜಿಪಿಎಸ್ ಎಂಬುದು ಏನು? ಗಾಡಿಗೆ ಹಾಕಿಸಬೇಕೆ? ಹಾಕಿಸುವುದಾದರೆ ಯಾವುದನ್ನು? ಆದರೆ ಕೇಳುವ ಕಾರಣ ಒಂದೇ ಅಲ್ಲ. ಸಾಲ ಮಾಡಿ ಗಾಡಿ ತಂದ ವ್ಯಾಪಾರಿಗೆ ಅದು ಕಳುವಾದೀತೆಂಬ ಅಂಜಿಕೆ. ಓಡಿಸುವವನಿಗೆ ತನ್ನ ಬೆನ್ನ ಹಿಂದೆ ಕಾವಲಿಟ್ಟರೆಂಬ ಅಂಜಿಕೆ. ಇಬ್ಬರ ಅಂಜಿಕೆಯೂ ನಿಜವಾದದ್ದೇ.

ಶೇಂಗಾ ಪೇಟೆಯಲ್ಲಿ ಬೆಳೆದ ನಿಮಗೆ ತಕ್ಕಡಿಯ ವಿಚಾರ ಯಾರೂ ಹೇಳಿಕೊಡಬೇಕಾಗಿಲ್ಲ. ತಕ್ಕಡಿ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬೊಟ್ಟಿಗೆ ಸರ್ಕಾರದ ಮುದ್ರೆ ಇದೆಯೆ, ಮುಳ್ಳು ಕೊಡುವವನಿಗೂ ಕೊಳ್ಳುವವನಿಗೂ ಕಾಣುತ್ತದೆಯೆ, ತೂಕದ ಚೀಟಿ ಇಬ್ಬರ ಕೈಗೂ ಬರುತ್ತದೆಯೆ ಎಂದು ನೋಡಿಕೊಂಡೇ ಬುದ್ಧಿವಂತನಾದ ರೈತ ಚೀಲ ಇಳಿಸುವುದು. ಈ ಯಂತ್ರವೂ ಒಂದು ತಕ್ಕಡಿ. ಕಾಳಿನ ಬದಲು ದಾರಿಯನ್ನೂ ಹೊತ್ತನ್ನೂ ತೂಗುತ್ತದೆ. ತಕ್ಕಡಿಗೆ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಬೇಕೆಂಬುದು ನಮ್ಮ ಇಂದಿನ ಮಾತು.

ಯಂತ್ರ ಕೆಲಸ ಮಾಡುವ ಬಗೆ

ಉಪಗ್ರಹ ಮೇಲಿನಿಂದ ನಮ್ಮ ಗಾಡಿಯನ್ನು ನೋಡುತ್ತಿರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಉಪಗ್ರಹಕ್ಕೆ ನಿಮ್ಮ ಗಾಡಿಯ ಸುದ್ದಿಯೇ ಗೊತ್ತಿಲ್ಲ. ಅದು ಆಕಾಶವಾಣಿಯ ಹಾಗೆ ಎರಡೇ ಮಾತು ಸಾರುತ್ತಿರುತ್ತದೆ: ತಾನು ಎಲ್ಲಿದ್ದೇನೆ, ಈಗ ಗಂಟೆ ಎಷ್ಟು. ಗಾಡಿಯಲ್ಲಿರುವ ಯಂತ್ರ ಅದನ್ನು ಕೇಳಿಸಿಕೊಳ್ಳುತ್ತದೆ. ಆ ಸಂಕೇತ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ವೇಗದಲ್ಲಿ ಬರುತ್ತದೆ. ಎಷ್ಟು ತಡವಾಗಿ ಬಂತೆಂಬುದರಿಂದ ಉಪಗ್ರಹ ಎಷ್ಟು ದೂರವಿದೆಯೆಂದು ಲೆಕ್ಕ ಹಾಕಬಹುದು. ಹೀಗೆ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ಗಾಡಿ ನಿಂತಿರುವ ಜಾಗ ಸಿಕ್ಕಿತು. ಗಡಿಯಾರ ಸೆಕೆಂಡಿನ ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಲೆಕ್ಕ ೩ ಕಿಲೋಮೀಟರು ತಪ್ಪುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನಿಡುತ್ತಾರೆ.

ಜಿಪಿಎಸ್ ಎಂಬುದು ಅಮೆರಿಕಾದ ರಕ್ಷಣಾ ಇಲಾಖೆಯ ವ್ಯವಸ್ಥೆ. ಅದರ ಮೊದಲ ಉಪಗ್ರಹ ೧೯೭೮ರಲ್ಲಿ ಹಾರಿತು. ೧೯೯೫ರ ಹೊತ್ತಿಗೆ ವ್ಯವಸ್ಥೆ ಪೂರ್ಣವಾಯಿತು. ಸೈನ್ಯಕ್ಕೆ ನಿಖರವಾದದ್ದು, ಜನರಿಗೆ ಬೇಕೆಂದೇ ಮಸುಕು ಮಾಡಿದ್ದು ಎಂಬ ಭೇದ ೨೦೦೦ದ ಮೇ ತಿಂಗಳವರೆಗೂ ನಡೆಯಿತು. ಬೇರೆಯವರ ತಕ್ಕಡಿಯನ್ನು ನಂಬಿ ವ್ಯಾಪಾರ ಮಾಡುವವನ ಪಾಡು ಇದು. ಆದುದರಿಂದ ನಮ್ಮ ದೇಶವೂ ನಾವಿಕ್ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿತು. ೨೦೧೩ರ ಜುಲೈಯಲ್ಲಿ ಮೊದಲ ಉಪಗ್ರಹ, ೨೦೧೬ರ ಏಪ್ರಿಲ್‌ನಲ್ಲಿ ಏಳನೆಯದು ಹಾರಿದವು. ಬೆಂಗಳೂರಿನ ಬಳಿಯ ಬ್ಯಾಲಾಳು, ಹಾಸನ ಇವುಗಳಲ್ಲಿ ಅದರ ಕೆಲಸ ನಡೆಯುತ್ತದೆ.

ಇದು ದೂರದ ಸುದ್ದಿಯಲ್ಲ. ೨೦೨೩ರ ಏಪ್ರಿಲ್ ೨ರಂದು ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನವೊಂದು ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಂಡು ಓಡುಪಟ್ಟಿಯ ಮೇಲೆ ಇಳಿಯಿತು. ಅದರಲ್ಲಿದ್ದ ಉಪಕರಣಗಳಲ್ಲಿ ನಾವಿಕ್ ಗ್ರಾಹಕವೂ ಒಂದು. ನಮ್ಮ ದನ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಇಂತಹ ಸಂಸ್ಥೆಗಳಿಗೆ ಹೋಯಿತೆಂಬುದನ್ನು ದೊಡ್ಡ ಉಳ್ಳಾರ್ತಿಯ ಕಡೆಯ ಕುರಿಗಾರರು ಮರೆತಿಲ್ಲ. ಈ ವಿದ್ಯೆಗೆ ನಮ್ಮ ಜನ ಬೆಲೆ ತೆತ್ತಿದ್ದಾರೆ. ಬೆಲೆ ತೆತ್ತವರಿಗೆ ಅದು ಅರ್ಥವಾಗದ ಮಾಯೆಯಾಗಿ ಉಳಿಯಬಾರದು.

ಇಲ್ಲಿಯವರೆಗೆ ಹೇಳಿದ್ದು ಯಂತ್ರ ತನ್ನ ಜಾಗವನ್ನು ತಾನು ತಿಳಿಯುವ ಬಗೆ. ತಿಳಿದದ್ದನ್ನು ನಿಮಗೆ ತಿಳಿಸುವುದು ಎರಡನೆಯ ಕೆಲಸ. ಅದಕ್ಕೆ ಯಂತ್ರದೊಳಗೆ ಮೊಬೈಲಿನಲ್ಲಿರುವಂತಹ ಒಂದು ಸಿಮ್ ಇರುತ್ತದೆ. ಸುದ್ದಿ ಹತ್ತಿರದ ಟವರಿಗೆ, ಅಲ್ಲಿಂದ ಕಂಪನಿಯ ಕಂಪ್ಯೂಟರಿಗೆ, ಅಲ್ಲಿಂದ ನಿಮ್ಮ ಫೋನಿಗೆ ಬರುತ್ತದೆ. ಟವರು ಸಿಗದ ಕಡೆ ಯಂತ್ರಕ್ಕೆ ದಾರಿ ಗೊತ್ತಿರುತ್ತದೆ, ಹೇಳಲು ಬಾಯಿ ಇರುವುದಿಲ್ಲ. ಇನ್ನೊಂದು ವಿಚಾರ ನೆನಪಿಡಿ: ನಿಮ್ಮ ಗಾಡಿಯ ಜಾಡು ನಿಮಗಿಂತ ಮೊದಲು ಕಂಪನಿಗೆ ಸೇರುತ್ತದೆ.

ಕಾಯಿದೆ ಏನು ಹೇಳುತ್ತದೆ

೨೦೧೨ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ನಡೆದ ಘೋರಕೃತ್ಯದ ನಂತರ ಪ್ರಯಾಣಿಕರ ವಾಹನಗಳಲ್ಲಿ ಇಂತಹ ಯಂತ್ರವೂ ತುರ್ತು ಗುಂಡಿಯೂ ಇರಬೇಕೆಂಬ ಒತ್ತಾಯ ಬಲವಾಯಿತು. ೨೦೧೬ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೧೨೫-ಎಚ್ ಎಂಬ ನಿಯಮ ಸೇರಿತು. ೨೦೧೯ರ ಜನವರಿ ೧ರಿಂದ ಹೊಸದಾಗಿ ನೋಂದಣಿಯಾಗುವ ಪ್ರಯಾಣಿಕರ ಬಾಡಿಗೆ ವಾಹನಗಳಿಗೆ ಅದು ಕಡ್ಡಾಯವಾಯಿತು. ಎರಡು ಗಾಲಿ, ಮೂರು ಗಾಲಿಯ ವಾಹನಗಳನ್ನು ಆ ನಿಯಮದಿಂದ ಹೊರಗಿಟ್ಟರು. ನಮ್ಮ ರಾಜ್ಯದ ಸಾರಿಗೆ ಇಲಾಖೆ ೨೦೨೩ರ ನವೆಂಬರಿನಲ್ಲಿ ಹಳೆಯ ಹಳದಿ ಬೋರ್ಡಿನ ಪ್ರಯಾಣಿಕ ವಾಹನಗಳಿಗೂ ನ್ಯಾಷನಲ್ ಪರ್ಮಿಟ್ ಲಾರಿಗಳಿಗೂ ಇದನ್ನು ಹಾಕಿಸಬೇಕೆಂದು ಒಂದು ವರ್ಷದ ಗಡುವು ಕೊಟ್ಟು, ಯಂತ್ರಕ್ಕೆ ತೆರಿಗೆ ಬಿಟ್ಟು ೭,೫೯೯ ರೂಪಾಯಿ ಬೆಲೆ ಕಟ್ಟಿತು. ಒಂದೇ ಗಾಡಿಯಿಂದ ಸಂಸಾರ ನಡೆಸುವವನಿಗೆ ಇದು ಸಣ್ಣ ಮೊತ್ತವಲ್ಲ.

ಹೆಣ್ಣುಮಕ್ಕಳ ರಕ್ಷಣೆಯ ಉದ್ದೇಶಕ್ಕೆ ನಾವು ಕೈ ಜೋಡಿಸುತ್ತೇವೆ. ಆದರೆ ಗುಂಡಿ ಒತ್ತಿದಾಗ ಆ ಕಡೆ ಕೇಳುವ ಮನುಷ್ಯ ಇರಬೇಕು, ಹತ್ತಿರದ ಠಾಣೆಯಿಂದ ಜೀಪು ಹೊರಡಬೇಕು. ಇವೆರಡೂ ಇಲ್ಲದೆ ಹೋದರೆ ಅದು ಬರಿಯ ಕೆಂಪು ಗುಂಡಿ. ಗುಂಡಿಯ ಖರ್ಚನ್ನು ಗಾಡಿಯವನಿಂದ ವಸೂಲು ಮಾಡುವ ಸರ್ಕಾರ ತನ್ನ ಪಾಲಿನ ಕೆಲಸವನ್ನೂ ಮಾಡಿ ತೋರಿಸಲಿ.

ಕೊಳ್ಳುವಾಗ ನೋಡಬೇಕಾದದ್ದು

ಮೊದಲನೆಯದು, ನಿಮ್ಮ ಗಾಡಿಗೆ ಕಡ್ಡಾಯವೋ ಅಲ್ಲವೋ ಎಂಬುದನ್ನು ಆರ್.ಟಿ.ಓ. ಕಛೇರಿಯಲ್ಲಿ ಕೇಳಿ ತಿಳಿಯಿರಿ. ಅಂಗಡಿಯವನ ಮಾತು ಸಾಲದು. ಕಡ್ಡಾಯವಾದರೆ ಎ.ಐ.ಎಸ್. ೧೪೦ ಎಂಬ ಮಾನದಂಡದ ಒಪ್ಪಿಗೆ ಪಡೆದ, ಇಲಾಖೆಯ ಪಟ್ಟಿಯಲ್ಲಿರುವ ಯಂತ್ರವನ್ನೇ ಹಾಕಿಸಬೇಕು. ಬೊಟ್ಟಿನ ಮೇಲಿನ ಮುದ್ರೆಯಂತೆಯೇ ಇದು. ಅಂತಹ ಯಂತ್ರ ನಾವಿಕ್ ಸಂಕೇತವನ್ನೂ ಹಿಡಿಯಬೇಕು, ಗಾಡಿಯ ಬ್ಯಾಟರಿ ಕಿತ್ತರೂ ಕನಿಷ್ಠ ೪ ಗಂಟೆ ತನ್ನ ಬ್ಯಾಟರಿಯಿಂದ ನಡೆಯಬೇಕು, ಟವರಿಲ್ಲದ ಕಡೆ ೪೦,೦೦೦ ದಾಖಲೆಗಳನ್ನು ಕೂಡಿಟ್ಟುಕೊಂಡು ಟವರು ಸಿಕ್ಕಾಗ ಕಳುಹಿಸಬೇಕು. ಬಿಲ್ಲು, ಯಂತ್ರದ ಸಂಖ್ಯೆ, ಪ್ರಮಾಣಪತ್ರ ಮೂರನ್ನೂ ಕೇಳಿ ಪಡೆಯಿರಿ, ಎಫ್.ಸಿ.ಗೆ ಹೋದಾಗ ಬೇಕಾಗುತ್ತದೆ.

ಕಡ್ಡಾಯವಿಲ್ಲದೆ ಸ್ವಂತ ಕಾವಲಿಗೆ ಬೇಕಾದವರಿಗೆ ಮೂರು ಬಗೆಗಳುಂಟು. ಗಾಡಿಯ ವೈರಿಗೆ ಜೋಡಿಸುವುದು ಒಂದು. ಒಳಗೆ ಅಡಗಿರುತ್ತದೆ, ಸುಲಭವಾಗಿ ಕೈಗೆ ಸಿಗುವುದಿಲ್ಲ; ಸರಕು ಸಾಗಿಸುವ ಗಾಡಿಗೆ ಇದೇ ಲೇಸು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವುದು ಇನ್ನೊಂದು. ಹಾಕುವುದು ಸುಲಭ, ಕಳ್ಳನಿಗೆ ಕೀಳುವುದೂ ಅಷ್ಟೇ ಸುಲಭ. ಅಯಸ್ಕಾಂತದಿಂದ ಅಂಟುವ ಬ್ಯಾಟರಿಯದು ಮೂರನೆಯದು. ಚಾರ್ಜು ಮಾಡಲು ಮರೆತ ದಿನ ಅದು ಸತ್ತಂತೆಯೇ. ಇನ್ನು ಕೀಲಿಗೊಂಚಲಿಗೆ ಹಾಕುವ ಬ್ಲೂಟೂತ್ ಬಿಲ್ಲೆಗಳನ್ನೂ ಜಿಪಿಎಸ್ ಎಂದು ಮಾರುವವರಿದ್ದಾರೆ. ಅವುಗಳಿಗೆ ಸ್ವಂತ ಸಿಮ್ ಇಲ್ಲ. ಹತ್ತಿರದಲ್ಲಿ ಹಾದುಹೋಗುವವರ ಫೋನಿನ ಮೂಲಕ ಸುದ್ದಿ ಬರಬೇಕು. ಬಸ್ ನಿಲ್ದಾಣದಲ್ಲಿ ಕೆಲಸಕ್ಕೆ ಬಂದೀತು. ರಾತ್ರಿ ಬಯಲಿನಲ್ಲಿ ನಿಂತ ಗಾಡಿಗೆ ಬಾರದು.

ಎರಡನೆಯದು, ಬೆಲೆ ಎಂದರೆ ಯಂತ್ರದ ಬೆಲೆ ಮಾತ್ರವಲ್ಲ. ಮೊದಲ ವರ್ಷದ ಸಿಮ್ ಮತ್ತು ಸೇವೆಯನ್ನು ಪುಕ್ಕಟೆ ಎಂದು ಹೇಳಿ ಎರಡನೆಯ ವರ್ಷದಿಂದ ಕೇಳಿದಷ್ಟು ಕೀಳುವುದುಂಟು. ಮೂರು ವರ್ಷದ ಒಟ್ಟು ಖರ್ಚನ್ನು ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ಹೋಲಿಸಿರಿ. ೨ಜಿ ಮಾತ್ರ ಹಿಡಿಯುವ ಹಳೆಯ ಯಂತ್ರ ಅಗ್ಗವಾಗಿ ಸಿಕ್ಕರೂ ಬೇಡ, ೪ಜಿ ಇರಲಿ.

ಮೂರನೆಯದು, ಪರೀಕ್ಷೆ. ಹಣ ಪೂರ್ತಿ ಕೊಡುವ ಮೊದಲು ಯಂತ್ರ ಹಾಕಿದ ಗಾಡಿಯನ್ನು ಚಳ್ಳಕೆರೆಯಿಂದ ತಳಕು, ಹಾನಗಲ್ ಮೇಲೆ ಮೊಳಕಾಲ್ಮುರಿಗೆ ಓಡಿಸಿ, ಅಲ್ಲಿಂದ ಗುಡ್ಡದ ಬದಿಯ ಹಳ್ಳಿಗಳಿಗೂ ಹೋಗಿ ಬನ್ನಿ. ಸಂಜೆ ಫೋನಿನಲ್ಲಿ ದಾರಿಯನ್ನು ನೋಡಿ. ಟವರಿಲ್ಲದ ಕಡೆಯ ದಾರಿ ತಡವಾಗಿಯಾದರೂ ತುಂಬಿಕೊಂಡಿದ್ದರೆ ಯಂತ್ರ ಸರಿ. ಗೆರೆ ಮಧ್ಯೆ ಹರಿದಿದ್ದರೆ ಹಿಂದಕ್ಕೆ ಕೊಡಿ. ಹತ್ತು ಇಪ್ಪತ್ತು ಜನ ವ್ಯಾಪಾರಿಗಳು ಕೂಡಿ ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ, ರಿಪೇರಿಯವನೂ ಕರೆದಾಗ ಬರುತ್ತಾನೆ.

ನಾಲ್ಕನೆಯದು, ಬಹಳ ಎಚ್ಚರದಿಂದ ಕೇಳಿ. ದೂರದಿಂದಲೇ ಇಂಜಿನ್ ನಿಲ್ಲಿಸುವ ವ್ಯವಸ್ಥೆಯನ್ನು ಕೆಲವು ಯಂತ್ರಗಳಲ್ಲಿ ಕೊಡುತ್ತಾರೆ. ಕಳ್ಳತನಕ್ಕೆ ಇದು ಮದ್ದೆಂದು ಹೊಗಳುತ್ತಾರೆ. ಓಡುತ್ತಿರುವ ಗಾಡಿಯ ಇಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬಲ ಕುಂದುತ್ತದೆ. ಒಳಗಿರುವವನ ಪ್ರಾಣಕ್ಕೇ ಸಂಚಕಾರ. ಗಾಡಿ ನಿಂತಿರುವಾಗ ಮಾತ್ರ ಕೆಲಸ ಮಾಡುವಂತಹುದಲ್ಲದೆ ಬೇರೆಯದನ್ನು ಹಾಕಿಸಬೇಡಿ. ಸಾಲ ಕೊಟ್ಟವನೇ ಯಂತ್ರ ಹಾಕಿಸಿದ್ದರೆ, ಆ ಕೀಲಿ ಅವನ ಕೈಯಲ್ಲಿದೆಯೆ ಎಂದು ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲೇ ಓದಿಸಿ ತಿಳಿಯಿರಿ. ಒಂದು ಕಂತು ತಪ್ಪಿದ ದಿನ ಸಂತೆಯ ನಡುವೆ ಗಾಡಿ ಕಲ್ಲಾಗಿ ನಿಂತರೆ ಕಂತು ಕಟ್ಟುವ ದುಡಿಮೆಯೇ ನಿಂತಂತಾಗುತ್ತದೆ.

ಚೀಟಿ ಇಬ್ಬರಿಗೂ ಬೇಕು

ಈಗ ಓಡಿಸುವವರ ಮಾತಿಗೆ ಬರೋಣ. ಲಾರಿ ಎಲ್ಲಿ ನಿಂತಿತು, ಯಾಕೆ ತಡವಾಯಿತು ಎಂದು ಮಾಲೀಕರು ಫೋನು ನೋಡಿ ಕೇಳುತ್ತಾರೆ. ಕೇಳಲಿ, ಸರಕು ಅವರದು. ಆದರೆ ಅರ್ಧ ಗಂಟೆ ಟೀ ಅಂಗಡಿಯಲ್ಲಿ ನಿಂತದ್ದನ್ನು ತೋರಿಸುವ ಯಂತ್ರವೇ, ಲೋಡಿಗಾಗಿ ಗಿರಣಿಯ ಗೇಟಿನ ಮುಂದೆ ಆರು ಗಂಟೆ ಕಾದದ್ದನ್ನೂ ತೋರಿಸುತ್ತದೆ. ಹದಿನಾಲ್ಕು ಗಂಟೆ ಸ್ಟೀರಿಂಗ್ ಹಿಡಿದದ್ದನ್ನೂ ತೋರಿಸುತ್ತದೆ. ಮೊದಲನೆಯದನ್ನು ನೋಡಿ ಸಂಬಳ ಹಿಡಿಯುವುದು, ಉಳಿದೆರಡನ್ನು ಕಾಣದಂತಿರುವುದು, ಇದು ಯಾವ ತಕ್ಕಡಿಯ ನ್ಯಾಯ?

೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂದು ಕೆಲಸಕ್ಕೆ ಮಿತಿ ಹಾಕಿತ್ತು. ೨೦೨೫ರ ನವೆಂಬರ್ ೨೧ರಂದು ಅದರ ಜಾಗಕ್ಕೆ ೨೦೨೦ರ ಹೊಸ ಕಾರ್ಮಿಕ ಸಂಹಿತೆ ಬಂತು. ದಿನಕ್ಕೆ ೮ ಗಂಟೆಯ ಮಿತಿ ಅದರಲ್ಲಿಯೂ ಇದೆ. ಇಷ್ಟು ವರ್ಷ ಚಾಲಕನ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಈಗ ಸಾಕ್ಷಿ ಗಾಡಿಯಲ್ಲೇ ಇದೆ, ಆದರೆ ಅದರ ಪ್ರತಿ ಅವನ ಕೈಗೆ ಬರುತ್ತಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಜಾಮೀನಿನ ಮೇಲೆ ಹೊರಬಂದ ಆರೋಪಿಯ ಓಡಾಟವನ್ನು ಪೊಲೀಸರು ಫೋನಿನಿಂದ ಸದಾ ನೋಡುತ್ತಿರುವಂತಹ ಷರತ್ತು ಹಾಕಕೂಡದೆಂದು ಅದೇ ನ್ಯಾಯಾಲಯ ೨೦೨೪ರ ಜುಲೈಯಲ್ಲಿ ತೀರ್ಪು ಕೊಟ್ಟಿತು. ಆರೋಪಿಗೆ ಇರುವ ಮರ್ಯಾದೆ ದುಡಿಯುವವನಿಗೆ ಬೇಡವೆ? ಆದರೆ ೨೦೨೩ರ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ನೌಕರಿಯ ಉದ್ದೇಶಕ್ಕಾಗಿ ಒಪ್ಪಿಗೆಯಿಲ್ಲದೆಯೂ ಕೆಲಸಗಾರನ ಮಾಹಿತಿಯನ್ನು ಬಳಸಲು ಮಾಲೀಕರಿಗೆ ಕಿಂಡಿ ಬಿಟ್ಟಿದ್ದಾರೆ. ಕಾಯಿದೆಯೊಂದನ್ನೇ ನಂಬಿ ಕುಳಿತರೆ ಆಗದು. ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಏನೆಂದು ಬರೆಸಬೇಕು? ಯಂತ್ರ ಹಾಕುವ ಮೊದಲು ಚಾಲಕನಿಗೆ ಹೇಳಬೇಕು. ಅದರ ಖರ್ಚನ್ನು ಸಂಬಳದಲ್ಲಿ ಹಿಡಿಯಕೂಡದು. ತಿಂಗಳ ದಾಖಲೆಯ ಪ್ರತಿ ಚಾಲಕನಿಗೂ ಸಿಗಬೇಕು. ತಡವಾದದ್ದಕ್ಕೆ ಯಾವ ದಾಖಲೆ ನೋಡುತ್ತಾರೋ ಅದೇ ದಾಖಲೆಯಿಂದ ಹೆಚ್ಚುವರಿ ಗಂಟೆಗೂ ಕಾದ ಗಂಟೆಗೂ ಲೆಕ್ಕ ಕೊಡಬೇಕು. ಕೆಲಸ ಮುಗಿದು ಗಾಡಿ ಮನೆಯ ಮುಂದೆ ನಿಂತ ಮೇಲೆ ಅವನ ಸಂಸಾರದ ಓಡಾಟ ಯಾರಿಗೂ ಬೇಡ. ಹಳೆಯ ದಾಖಲೆಯನ್ನು ಎಷ್ಟು ದಿನ ಇಡುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂಬುದೂ ಕಾಗದದಲ್ಲಿರಬೇಕು.

ಸಣ್ಣ ವರ್ತಕ ಬಂಧುಗಳೆ, ಇದು ನಿಮಗೆ ವಿರುದ್ಧವಾದ ಮಾತಲ್ಲ. ನಿಮ್ಮ ಗಾಡಿಯ ಜಾಡನ್ನು ಕಂಪನಿ, ಸಾಲಗಾರ ಇಬ್ಬರೂ ಇಟ್ಟುಕೊಂಡು ನಿಮಗೆ ಕೊಡದಿದ್ದರೆ ನಿಮಗೆ ಆಗುವ ಅನ್ಯಾಯವೂ, ನಿಮ್ಮ ಚಾಲಕನಿಗೆ ಆಗುವ ಅನ್ಯಾಯವೂ ಒಂದೇ ಜಾತಿಯದು. ನೀವು ಕಂಪನಿಯಿಂದ ಕೇಳುವ ಚೀಟಿಯನ್ನು ಚಾಲಕನಿಗೂ ಕೊಡಿ. ಆಗ ಅವನು ಯಂತ್ರದ ವೈರು ಕೀಳುವುದಿಲ್ಲ, ತಾನೇ ಅದನ್ನು ಕಾಯುತ್ತಾನೆ.

ಬರುವ ವಾರ ಮೊಳಕಾಲ್ಮುರಿನಲ್ಲಿ ಸೇರೋಣ. ಬರುವಾಗ ನಿಮ್ಮ ಯಂತ್ರದ ಬಿಲ್ಲು, ಸಾಲದ ಪತ್ರ ತನ್ನಿರಿ. ಒಟ್ಟಿಗೆ ಕುಳಿತು ಓದೋಣ.