ನಾಲಗೆಯ ಇನ್ನೊಂದು ಕೆಲಸ

ಎಲುಬಿಲ್ಲದ ನಾಲಗೆಯೆಂದು ಹಳಿಯುವುದು ನಮ್ಮಲ್ಲಿ ರೂಢಿ. ಕನ್ನಡದ ಅಧ್ಯಾಪಕನಾದ ನಾನು ಅದನ್ನು ಅಕ್ಷರಗಳ ಉಪಕರಣವೆಂದಷ್ಟೇ ಬಲ್ಲವನಾಗಿದ್ದೆ. ತಕಾರಕ್ಕೆ ಅದು ಹಲ್ಲನ್ನೂ ಟಕಾರಕ್ಕೆ ಮಡಿಚಿಕೊಂಡು ಅಂಗುಳನ್ನೂ ಮುಟ್ಟುವುದೆಂದು ವರ್ಷಗಟ್ಟಲೆ ಪಾಠ ಹೇಳಿದೆ. ತುತ್ತನ್ನು ಅಂಗುಳಿಗೆ ಒತ್ತಿ ಗಂಟಲಿಗೆ ದಾಟಿಸುವುದೂ ಇದೇ ನಾಲಗೆಯೆಂಬುದು ಮನಸ್ಸಿಗೆ ತಟ್ಟಿದ್ದು ಕಮರಿಪೇಟೆಯ ಹಿರಿಯರೊಬ್ಬರಿಂದ.

ಕಮರಿಪೇಟೆಯೆಂದೊಡನೆ ಹುಬ್ಬಳ್ಳಿಯವರಿಗೆ ಖಾರದ ಸಾವಜಿ ಊಟ ನೆನಪಾಗುತ್ತದೆ. ಅಂಥ ಮನೆಯಲ್ಲಿ ಉಂಡು, ಉಣಿಸಿ ಬಾಳಿದವರು ಅವರು. ಪಾರ್ಶ್ವವಾಯು ಬಡಿದ ಮೇಲೆ ಕೈಕಾಲು ಚೇತರಿಸಿದವು. ನೀರು ಕುಡಿದರೆ ಮಾತ್ರ ಕೆಮ್ಮು ಒತ್ತರಿಸಿ ಬರುತ್ತಿತ್ತು. ಎಲ್ಲರೊಡನೆ ಊಟಕ್ಕೆ ಕೂಡುವುದನ್ನೇ ಬಿಟ್ಟರು. “ಹಸಿವು ಆಗತೈತ್ರಿ ಸರ, ನುಂಗಾಕ ಹೆದರಿಕಿ” ಎಂದರು. ವಯಸ್ಸಾಯಿತೆಂದು ಮನೆಯವರು ಸುಮ್ಮನಿದ್ದರು. ಸುಮ್ಮನಿರುವ ವಿಷಯವಲ್ಲ ಅದು. ಅನ್ನನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕೆಲವರಲ್ಲಿ ಕೆಮ್ಮಿನ ಎಚ್ಚರಿಕೆಯೂ ಇರುವುದಿಲ್ಲ.

ದುರ್ಬಲವಾದ ನಾಲಗೆಗೂ ವ್ಯಾಯಾಮವುಂಟು. ಅಮೆರಿಕದ ಅಯೋವಾದಲ್ಲಿ ರೂಪುಗೊಂಡ ಉಪಕರಣವೊಂದರಲ್ಲಿ ಗಾಳಿ ತುಂಬಿದ ಮೆತ್ತನೆಯ ಪುಟ್ಟ ಬಲ್ಬಿದೆ. ಅದನ್ನು ನಾಲಗೆಯಿಂದ ಅಂಗುಳಿಗೆ ಒತ್ತಿದರೆ ಒತ್ತಡವು ಕಿಲೋಪಾಸ್ಕಲ್ ಲೆಕ್ಕದಲ್ಲಿ ಅಂಕಿಯಾಗಿ ಕಾಣುತ್ತದೆ. ಅಂಥ ಅಳತೆ 30ಕ್ಕಿಂತ ಕೆಳಗಿದ್ದರೆ ನಾಲಗೆಯ ಬಲ ಕುಂದಿದೆಯೆಂದು ಜಪಾನಿನ ದಂತವೈದ್ಯರು ಎಣಿಸುತ್ತಾರೆ. ವಿದ್ಯುತ್ತು ಬೇಡದ ಪೆಕೋಪಾಂಡಾ ಎಂಬ ಪುಟ್ಟ ಪ್ಲಾಸ್ಟಿಕ್ ಸಾಧನವೂ ಅವರಲ್ಲಿದೆ, ಬಣ್ಣಕ್ಕೊಂದು ಗಡಸುತನ. ಜೋಆನ್ ರಾಬಿನ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯುವಿಗೆ ತುತ್ತಾದ 10 ಮಂದಿ 8 ವಾರ ನಾಲಗೆಯ ವ್ಯಾಯಾಮ ಮಾಡಿದರು. ನಾಲಗೆಯ ಬಲ ಹೆಚ್ಚಿತು, ನುಂಗುವಿಕೆಯೂ ಸುಧಾರಿಸಿತು. ಹತ್ತು ಮಂದಿಯ ಫಲವನ್ನು ಎಲ್ಲರಿಗೂ ಸಾರಲಾಗದು. ಆದರೆ ಆಸೆಗೆ ಆಧಾರ ಸಾಕು.

ಯಂತ್ರವು ನಾಲಗೆಯ ಬದಲಿಗೆ ದುಡಿಯುವುದಿಲ್ಲ. ಬಾಯೊಳಗಿನ ಕಾಣದ ಶ್ರಮವನ್ನು ಕಾಣಿಸುತ್ತದೆ, ಅಷ್ಟೆ. ಆ ‘ಅಷ್ಟೆ’ ಸಣ್ಣದಲ್ಲ. ಚಿಕಿತ್ಸಕರ ಮೇಜಿನ ಮೇಲೆ ಅಂಕಿ ಎರಡು ಏರಿದ ದಿನ ನಮ್ಮ ಹಿರಿಯರು ಮಗುವಿನಂತೆ ಹಿಗ್ಗಿದರು. ಮನೆಯಲ್ಲಿ ಯಂತ್ರವಿರಲಿಲ್ಲ, ಹೇಳಿಕೊಟ್ಟಂತೆ ಬರಿಯ ಅಂಗುಳಿಗೇ ನಾಲಗೆಯನ್ನು ಒತ್ತಿ ಒತ್ತಿ ಬಿಟ್ಟರು.

ಕೇಳಿದ್ದನ್ನು ತಾವೇ ಪ್ರಯೋಗಿಸಬಾರದು. ನುಂಗುವ ತೊಂದರೆಗೆ ಕಾರಣಗಳು ಹಲವು; ಮೊದಲು ಪರೀಕ್ಷೆಯಾಗಬೇಕು. ಮಾತನ್ನು ತಿದ್ದುವ ಚಿಕಿತ್ಸಕರೇ ನುಂಗುವುದನ್ನೂ ಕಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ಕೇಂದ್ರವಿದೆ. ಇಂಥ ನೆರವು ಜಿಲ್ಲೆ ಜಿಲ್ಲೆಗೂ, ಬಡವನ ಕೈಗೆಟಕುವಂತೆ ಬರಬೇಕು.

ಮೊನ್ನೆ ಆ ಮನೆಗೆ ಹೋಗಿದ್ದೆ. ಹಿರಿಯರ ಬಟ್ಟಲಲ್ಲಿ ಗಟ್ಟಿಯಾದ ಗಂಜಿಯಿತ್ತು. ಸಾವಜಿಯ ಖಾರ ಇನ್ನೂ ದೂರ. ಆದರೆ ಅವರು ಎಲ್ಲರ ಸಾಲಿನಲ್ಲಿ ಕುಳಿತಿದ್ದರು.