ತಪ್ಪನ್ನು ಯಂತ್ರ ತೋರಿಸಲಿ, ಕಾರಣ ಕನ್ನಡದಲ್ಲಿರಲಿ



ನಾನು ಮೇಷ್ಟ್ರಲ್ಲ, ಪ್ರೆಸ್ಸಿನವನು. ಓದಿದ್ದು ಪಿಯುಸಿ. ಕರಡು ತಿದ್ದೀ ತಿದ್ದೀ ಒಂದು ಮಾತು ಕಲಿತಿದ್ದೇನೆ: ತಪ್ಪಿಗೆ ಗೆರೆ ಎಳೆಯುವುದು ಬೇರೆ, ತಪ್ಪು ಯಾಕಾಯಿತೆಂದು ಅರಿಯುವುದು ಬೇರೆ.

ಕಂಪ್ಯೂಟರಿನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುವುದು ನಿನ್ನೆ ಮೊನ್ನೆಯ ಕಥೆಯಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ 'ಪ್ಲೇಟೋ' ಎಂಬ ಗಣಕ ಪಾಠ ಶುರುವಾಯಿತು. 1970ರ ದಶಕದಲ್ಲಿ ಹೊರದೇಶದವರು ಅದರ ಮುಂದೆ ಕೂತು ಇಂಗ್ಲಿಷ್ ಅಭ್ಯಾಸ ಮಾಡಿದರು. ಯಂತ್ರ ಬೈಯುವುದಿಲ್ಲ, ನಗುವುದಿಲ್ಲ, ಹತ್ತು ಸಲ ತಪ್ಪಿದರೂ ಬೇಸರಪಡುವುದಿಲ್ಲ. ಇಂಗ್ಲಿಷ್ ಎಂದರೆ ನಾಲಿಗೆ ಕಟ್ಟುವ ನಮಗೆ ಇದು ಸಣ್ಣ ಉಪಕಾರವಲ್ಲ.

ಆದರೆ 'ಎ', 'ದಿ' ಎಲ್ಲಿ ಹಾಕಬೇಕೆಂದು ನಾವು ತಡವರಿಸುವುದು ದಡ್ಡತನದಿಂದಲ್ಲ. ಕನ್ನಡಕ್ಕೆ ಅವುಗಳ ಹಂಗೇ ಇಲ್ಲ. 'ಮನೆಯಲ್ಲಿ' ಎಂದು ನಾವು ಹಿಂದೆ ಅಂಟಿಸುವುದನ್ನು ಅವರು 'ಇನ್' ಎಂದು ಮುಂದೆ ಇಡುತ್ತಾರೆ. ನಮ್ಮ ಕ್ರಿಯಾಪದ ಕೊನೆಗೆ, ಅವರದು ನಡುವೆ. ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳದ ಅಭ್ಯಾಸ ಬರೀ ಊಹೆಯ ಆಟ.

ಬರವಣಿಗೆಯಲ್ಲಂತೂ ಯಂತ್ರವನ್ನೇ ನಂಬಬೇಡಿ. 2014ರಲ್ಲಿ ಎಂಐಟಿಯ ಲೆಸ್ ಪೆರೆಲ್‌ಮನ್ ವಿದ್ಯಾರ್ಥಿಗಳ ಜತೆ ಸೇರಿ 'ಬೇಬಲ್' ಎಂಬ ಪ್ರೋಗ್ರಾಂ ಮಾಡಿದರು. ಅದು ಹೊಸೆದದ್ದು ಅರ್ಥವಿಲ್ಲದ ಪ್ರಬಂಧ. ಅಂಕ ಹಾಕುವ ಯಂತ್ರ ಅದಕ್ಕೂ ಭರ್ತಿ ಅಂಕ ಕೊಟ್ಟಿತು!

ಇಂಗ್ಲಿಷ್ ಕಲಿಯಿರಿ, ಕೀಳರಿಮೆ ಬೇಡ. ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇಡಿ. ಪ್ರತಿ ತಪ್ಪಿನ ಕಾರಣವನ್ನು ಕನ್ನಡದಲ್ಲಿ ಬರೆಯಿರಿ. ನೀವು ಬರೆದ ಇಂಗ್ಲಿಷನ್ನು ಬಲ್ಲ ಮನುಷ್ಯರಿಗೆ ತೋರಿಸಿ. ಕನ್ನಡ ನಿಮಗೆ ಅಡ್ಡಗೋಡೆಯಲ್ಲ, ಮೆಟ್ಟಿಲು.