ಬರೆದಿಟ್ಟರೆ ಸಾಲದು, ಹುಡುಕಿದರೆ ಸಿಗಬೇಕು!

(ಶರಣಸಿರಸಗಿಯಲ್ಲಿ ಯುವಕರ ಮುಂದೆ ಆಡಿದ ಮಾತಿನ ಬರಹರೂಪ)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮಸಿಗೆ ಕೈ ಹಾಕಿದವ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಇಷ್ಟೇ ನನ್ನ ವಿದ್ಯೆ. ಆದರೆ ಕನ್ನಡ ಅಕ್ಷರ ಕಂಪ್ಯೂಟರಿನೊಳಗೆ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ದಿನಾ ಕಾಣುವವ.

ಹಿರಿಯರೊಬ್ಬರು ತಮ್ಮ ಸೀಮೆಯ ಹಂತಿ ಪದ, ಹೊಲಗಳ ಹೆಸರು, ಬಾವಿಗಳ ಹೆಸರು ಕೂಡಿಸಿ ಟೈಪ್ ಮಾಡಿಸಿದ್ದರು. ಪುಸ್ತಕ ಮಾಡೋಣವೆಂದು ಸಿ.ಡಿ. ತಂದರು. ತೆರೆದರೆ ಏನಿದೆ? ಇಂಗ್ಲಿಷ್ ಅಕ್ಷರ, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೀಟು! ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಆಗಿನ ಫಾಂಟುಗಳ ಹಣೆಬರಹವೇ ಅದು. ಒಳಗೆ ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡದ ಚಿತ್ರ. ಆ ಫಾಂಟು ಇಲ್ಲದ ಯಂತ್ರದಲ್ಲಿ ಹೊದಿಕೆ ಜಾರಿ ಬೀಳುತ್ತದೆ. ಕನ್ನಡಕ್ಕೆ ತೊಡಿಸಿದ ಬಾಡಿಗೆ ಅಂಗಿ ಅದು! ಅಂಥ ಬರಹದಲ್ಲಿ ಒಂದು ಪದ ಹುಡುಕುವುದು ಹೇಗೆ?

ಯೂನಿಕೋಡ್ 1991ರಲ್ಲೇ ನಮಗೆ ಸ್ವಂತ ಓಣಿ ಕೊಟ್ಟಿದೆ, 128 ಮನೆಗಳದು. ಹಾಗಿದ್ದೂ ನೀವು ಇಂದು ಟಿಪ್ಪಣಿ ಇಡುವುದೆಲ್ಲಿ? ಯಾವುದೋ ಆ್ಯಪ್‌ನಲ್ಲಿ. ಕಂಪನಿ ಬಾಗಿಲು ಹಾಕಿದ ದಿನ ನಿಮ್ಮ ಅಜ್ಜಿಯ ಮಾತೂ ಅದರ ಜೊತೆಗೇ ಹೋಗುತ್ತದೆ.

ನಾನು ಹೇಳುವುದು ಸರಳ. ಬರೀ ಪಠ್ಯದ ಫೈಲಿನಲ್ಲಿ ಬರೆಯಿರಿ, ಯುಟಿಎಫ್-8 ಎಂದು ಉಳಿಸಿರಿ. ತಲೆಬರಹಕ್ಕೆ ಸಾಲಿನ ಮುಂದೆ # ಗುರುತು, ಪಟ್ಟಿಗೆ * ಗುರುತು. ಇದಕ್ಕೆ ಮಾರ್ಕ್‌ಡೌನ್ ಎನ್ನುತ್ತಾರೆ. 2004ರಲ್ಲಿ ಜಾನ್ ಗ್ರೂಬರ್ ಎಂಬಾತ ಹೊರತಂದದ್ದು. ಪ್ರೂಫ್ ತಿದ್ದುವವ ಅಂಚಿನಲ್ಲಿ ಗುರುತು ಹಾಕುತ್ತಾನಲ್ಲ, ಹೆಚ್ಚುಕಮ್ಮಿ ಹಾಗೆಯೇ. ಫೈಲಿನ ಹೆಸರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ತಾರೀಖು ಇಡಿ. ತಾನಾಗಿಯೇ ಸಾಲಾಗಿ ನಿಲ್ಲುತ್ತವೆ.

ಇನ್ನು ಹುಡುಕಾಟ. ಲಿನಕ್ಸಿನ ಕಪ್ಪು ಪರದೆಯಲ್ಲಿ ಗ್ರೆಪ್ ಎಂಬ ಕಮಾಂಡ್ ಇದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದದ್ದು. ಯುಟಿಎಫ್-8 ಕೂಡ ಅದೇ ಮನುಷ್ಯ 1992ರಲ್ಲಿ ರಾಬ್ ಪೈಕ್ ಜೊತೆ ಕೂಡಿ ಮಾಡಿದ್ದು. ಕಪ್ಪು ಪರದೆ ಇಂಗ್ಲಿಷಿನವರ ಸೊತ್ತು ಎಂದು ನಿಮಗೆ ಹೇಳಿದವರಾರು?

ಈ ಊರನ್ನೇ ಹುಡುಕೋಣ. ಒಬ್ಬರು ಶರಣಸಿರಸಗಿ ಎಂದು ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ಶರಣ ಸಿರಸಗಿ ಎಂದು ಬಿಡಿಸಿ. ಮತ್ತೊಬ್ಬರು ಸಿರಸ್ಗಿ ಎನ್ನುತ್ತಾರೆ. ಗ್ರೆಪ್ ಎಂದು ಇಂಗ್ಲಿಷಿನಲ್ಲಿ ಒತ್ತಿ, ಜಾಗ ಬಿಟ್ಟು ಒಂದು ಹೈಫನ್, ಅದಕ್ಕೆ ಅಂಟಿಸಿ ಆರ್, ಎನ್, ಇ (ಇ ಮಾತ್ರ ದೊಡ್ಡಕ್ಷರ). ಮತ್ತೆ ಜಾಗ ಬಿಟ್ಟು ಹೀಗೆ ಬರೆಯಿರಿ:

'ಶರಣ ?ಸಿರಸ್?ಗಿ'

ಕೊನೆಗೆ ಜಾಗ ಬಿಟ್ಟು ಒಂದು ಚುಕ್ಕೆ. ಪ್ರಶ್ನೆ ಚಿಹ್ನೆಯ ಹಿಂದಿರುವುದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದರ್ಥ. ಮೊದಲನೆಯದರ ಹಿಂದೆ ಖಾಲಿ ಜಾಗ, ಎರಡನೆಯದರ ಹಿಂದೆ ಹಲಂತ. ಮೂರೂ ರೂಪಗಳು ಫೈಲಿನ ಹೆಸರು, ಸಾಲಿನ ಸಂಖ್ಯೆ ಸಹಿತ ಎದುರಿಗೆ ಬಂದು ನಿಲ್ಲುತ್ತವೆ! 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಹಳೆಯ ಕಾಗದ, ಹೊಸ ಕಾಗದ ಎರಡೂ ಬೇಕೆಂದರೆ 'ಕಲಬುರ್?ಗಿ|ಗುಲ್?ಬರ್ಗ' ಎಂದರಾಯಿತು. ನಡುವಿನ ಗೀಟಿಗೆ 'ಅಥವಾ' ಎಂದರ್ಥ.

ಊರು ಎಂದು ಹುಡುಕಿದರೆ ಊರಾಗ, ಊರಿನ ಸಿಗವು. ನಮ್ಮ ಪದಗಳ ಬಾಲ ಬದಲಾಗುತ್ತಲೇ ಇರುತ್ತದಲ್ಲ? ಬಾಲ ಕತ್ತರಿಸಿ 'ಊರ' ಎಂದಷ್ಟೇ ಕೊಡಿ, ಎಲ್ಲವೂ ಬರುತ್ತವೆ. ಇಂಗ್ಲಿಷಿನ ಪಾಠದಲ್ಲಿ ಇದನ್ನು ಕಲಿಸುವುದಿಲ್ಲ, ನಾವೇ ಕಂಡುಕೊಳ್ಳಬೇಕು. ದೊಡ್ಡಕ್ಷರ, ಸಣ್ಣಕ್ಷರದ ರಗಳೆ ಮಾತ್ರ ನಮಗಿಲ್ಲ!

ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಹೆದರಬೇಡಿ, ಒಳಗಿನ ಅಕ್ಷರ ಸರಿಯಾಗಿಯೇ ಇರುತ್ತದೆ. ಹೆದರಬೇಕಾದದ್ದು ಕಣ್ಣಿಗೆ ಕಾಣದ ಭೇದಕ್ಕೆ. 'ಹೋ' ಎಂಬುದನ್ನು ಹ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಇಡಬಹುದು. ಹ, ಒತ್ವ, ದೀರ್ಘ ಎಂದು ಮೂರರಲ್ಲೂ ಇಡಬಹುದು. ಕಣ್ಣಿಗೆ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ಪದ ಎದುರಿಗಿದ್ದರೂ ಇಲ್ಲವೆನ್ನುತ್ತದೆ! ಇವನ್ನು ಒಂದೇ ರೂಪಕ್ಕೆ ತರುವ ನಿಯಮಕ್ಕೆ ಎನ್‌ಎಫ್‌ಸಿ ಎನ್ನುತ್ತಾರೆ. ಯುಕಾನ್ವ್ ಎಂಬ ಕಮಾಂಡ್ ಆ ಕೆಲಸ ಮಾಡಿಕೊಡುತ್ತದೆ.

ಮನೆಯಲ್ಲಿ ಹಳೆಯ ಫಾಂಟಿನ ಫೈಲುಗಳಿದ್ದರೆ ಈ ತಿಂಗಳೇ ಯೂನಿಕೋಡಿಗೆ ತನ್ನಿ. ಅದಕ್ಕೆ ಪರಿವರ್ತಕಗಳಿವೆ. ಆದರೆ ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ಎಡವುವುದು ಅಲ್ಲೇ. 'ಸೂರ್ಯ', 'ಕಾರ್ತಿಕ', 'ಧರ್ಮ' ಇಂಥ ಪದಗಳನ್ನು ಮೊದಲು ಹುಡುಕಿ ನೋಡಿ. ಸಿಗದಿದ್ದರೆ ಮೂಲ ಪ್ರತಿ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲಾಗಿ ತಿದ್ದಿ. ಅದು ಮುಗಿಯುವತನಕ ಹಳೆಯ ಫೈಲು ಅಳಿಸಬೇಡಿ.